ಮೊದಲ ಹತ್ತು ನಿಮಿಷಕ್ಕಾಗಿ: ಭೂ ವೀಕ್ಷಣಾ ಉಪಗ್ರಹದ ಉಡಾವಣಾ ಸಿದ್ಧತೆ

ಈ ಪಾಠವನ್ನು ಕೊನೆಯಿಂದ ಹಿಂದಕ್ಕೆ ಓದಿದರೆ ಬೇಗ ಅರ್ಥವಾಗುತ್ತದೆ. ಕಂಪನ ಪರೀಕ್ಷೆ, ಇಂಧನ ತುಂಬುವಿಕೆ, ಆಂಟೆನಾ, ಸಾಫ್ಟ್‌ವೇರ್ ಎಂದು ಬಿಡಿಬಿಡಿಯಾಗಿ ಓದುತ್ತಾ ಹೋದರೆ ಯಾವುದು ಯಾಕೆ ಎಂಬುದು ಹೊಳೆಯುವುದಿಲ್ಲ. ರಾಕೆಟ್‌ನಿಂದ ಬೇರ್ಪಟ್ಟ ಉಪಗ್ರಹ ನೆಲದ ಕೇಂದ್ರವೊಂದರ ದಿಗಂತದಲ್ಲಿ ಮೊದಲ ಬಾರಿ ಕಾಣಿಸಿಕೊಳ್ಳುವ ಕ್ಷಣವನ್ನು ಕಲ್ಪಿಸಿಕೊಳ್ಳಿ. ಕಕ್ಷೆಯ ಎತ್ತರ 700 ಕಿ.ಮೀ. ಎಂದಿಟ್ಟುಕೊಂಡರೆ ವೇಗ ಸೆಕೆಂಡಿಗೆ 7.5 ಕಿ.ಮೀ., ಒಂದು ಸುತ್ತಿಗೆ ಸುಮಾರು 99 ನಿಮಿಷ. ನೆತ್ತಿಯ ಮೇಲೇ ಹಾದುಹೋದರೂ ದಿಗಂತದ ಅಂಚನ್ನು ಬಿಟ್ಟರೆ ಅದು ಕೇಂದ್ರದ ಕಣ್ಣಿಗೆ ಸಿಗುವುದು ಹೆಚ್ಚೆಂದರೆ 11–12 ನಿಮಿಷ. ವರ್ಷಗಟ್ಟಲೆ ನಡೆದ ಕೆಲಸವೆಲ್ಲ ಅಷ್ಟರೊಳಗೆ ಉತ್ತರ ಕೊಡಬೇಕು: ಉಪಗ್ರಹ ಬದುಕಿದೆಯೇ, ವಿದ್ಯುತ್ ಬರುತ್ತಿದೆಯೇ, ನಾವು ಹೇಳಿದ್ದು ಅದಕ್ಕೆ ಕೇಳಿಸುತ್ತಿದೆಯೇ?

ಆಂಟೆನಾ ಎತ್ತ ನೋಡಬೇಕು?

ರಾಕೆಟ್ ಉಪಗ್ರಹವನ್ನು ಬಿಟ್ಟ ಕಕ್ಷೆ ಲೆಕ್ಕದಲ್ಲಿದ್ದ ಕಕ್ಷೆಯೇ ಆಗಿರುವುದಿಲ್ಲ. ವೇಗದಲ್ಲಿ ಸೆಕೆಂಡಿಗೆ 1 ಮೀಟರ್ ವ್ಯತ್ಯಾಸವಾದರೆ ಕಕ್ಷೆಯ ಸರಾಸರಿ ತ್ರಿಜ್ಯ ಸುಮಾರು 1.9 ಕಿ.ಮೀ. ಬದಲಾಗುತ್ತದೆ. ತ್ರಿಜ್ಯ 10 ಕಿ.ಮೀ. ತಪ್ಪಿದರೆ ಪ್ರತಿ ಸುತ್ತಿಗೂ ಸುಮಾರು 12.6 ಸೆಕೆಂಡ್ ಹಿಂದೆ ಮುಂದೆ ಆಗುತ್ತದೆ. ಸಣ್ಣ ಸಂಖ್ಯೆಯಂತೆ ಕಾಣುವ ಇದನ್ನು ಕೋನಕ್ಕೆ ಬದಲಿಸಿ ನೋಡಿ. 12.6 ಸೆಕೆಂಡಿನಲ್ಲಿ ಉಪಗ್ರಹ ಸುಮಾರು 94 ಕಿ.ಮೀ. ಸಾಗಿರುತ್ತದೆ, ಅದು ನೆತ್ತಿಯ ಮೇಲಿರುವಾಗ ಈ ದೂರ ಏಳೂವರೆ ಡಿಗ್ರಿಗೆ ಸಮ. 11 ಮೀಟರ್ ವ್ಯಾಸದ ಡಿಶ್‌ನ ಕಿರಣದ ಅಗಲವಾದರೋ ಎಸ್-ಬ್ಯಾಂಡ್ ರೇಡಿಯೊದಲ್ಲಿ (2,200 ಮೆಗಾಹರ್ಟ್ಸ್ ಸುತ್ತಮುತ್ತ) ಸುಮಾರು 0.9 ಡಿಗ್ರಿ, ಎಕ್ಸ್-ಬ್ಯಾಂಡ್‌ನಲ್ಲಿ (8,000 ಮೆಗಾಹರ್ಟ್ಸ್‌ಗೂ ಮೇಲೆ) ಬರೀ 0.23 ಡಿಗ್ರಿ. ಅಷ್ಟು ಕಿರಿದಾದ ಕಿರಣ ಹಿಡಿದು ಆಕಾಶದ ನಡುವೆ ಹುಡುಕಿದರೆ ಪಾಸ್, ಅಂದರೆ ಉಪಗ್ರಹ ಕೇಂದ್ರಕ್ಕೆ ಕಾಣುವ ಅವಧಿ, ಮುಗಿದೇ ಹೋಗುತ್ತದೆ.

ಆದ್ದರಿಂದ ಮೊದಲ ಪಾಸ್‌ನಲ್ಲಿ ದಿಗಂತದಲ್ಲೇ ಕಾಯುತ್ತಾರೆ. ಅಲ್ಲಿ ಉಪಗ್ರಹ 3,000 ಕಿ.ಮೀ. ದೂರದಲ್ಲಿದ್ದು ಹೆಚ್ಚೂಕಡಿಮೆ ನಮ್ಮತ್ತಲೇ ಬರುತ್ತಿರುತ್ತದೆ. ಕೋನ ಬದಲಾಗುವ ಗತಿ ಸೆಕೆಂಡಿಗೆ 0.06 ಡಿಗ್ರಿಯಷ್ಟೇ. ಸಮಯದ ತಪ್ಪು ಅದೇ ಇದ್ದರೂ ಕೋನದ ತಪ್ಪು ಒಂದು ಡಿಗ್ರಿ ದಾಟುವುದಿಲ್ಲ. ದೊಡ್ಡ ಡಿಶ್‌ನ ಪಕ್ಕಕ್ಕೆ ಅಗಲ ಕಿರಣದ ಚಿಕ್ಕ ಆಂಟೆನಾವನ್ನೂ ಜೋಡಿಸಿರುತ್ತಾರೆ; ಮೊದಲು ಚಿಕ್ಕದು ಸಂಕೇತ ಹಿಡಿಯುತ್ತದೆ, ಆಮೇಲೆ ದೊಡ್ಡದು ಅದರ ಜಾಡಿನಲ್ಲಿ ಲಾಕ್ ಆಗುತ್ತದೆ. ಉಪಗ್ರಹದ ಓಟದಿಂದ ಸಂಕೇತದ ಆವರ್ತನ ಸರಿಯುವ ಡಾಪ್ಲರ್ ಪರಿಣಾಮವನ್ನೂ ಮರೆಯಬೇಡಿ. 2,200 ಮೆಗಾಹರ್ಟ್ಸ್ ಸುತ್ತಮುತ್ತ ಅದು ±50 ಕಿಲೋಹರ್ಟ್ಸ್‌ನಷ್ಟಿರುತ್ತದೆ. ರಿಸೀವರ್ ಹುಡುಕುವ ವ್ಯಾಪ್ತಿಯನ್ನು ಇದಕ್ಕಿಂತ ಕಿರಿದಾಗಿ ಇಟ್ಟಿದ್ದರೆ, ಸಂಕೇತ ಕಣ್ಣೆದುರೇ ಹಾದುಹೋದರೂ ಲಾಕ್ ಆಗುವುದಿಲ್ಲ.

ಉಪಗ್ರಹ ಒಂಟಿಯಾಗಿರುವ ಹೊತ್ತು

ಬೇರ್ಪಡುವಿಕೆಯಿಂದ ಮೊದಲ ಸಂಪರ್ಕದವರೆಗೆ ಯಾರ ಸಹಾಯವೂ ಇಲ್ಲದೆ ಉಪಗ್ರಹ ತನ್ನನ್ನು ತಾನೇ ಕಾಪಾಡಿಕೊಳ್ಳಬೇಕು. ರಾಕೆಟ್‌ನ ಅಡಾಪ್ಟರ್‌ನಿಂದ ದೂರ ಸರಿದೊಡನೆ ಸೆಪರೇಷನ್ ಸ್ವಿಚ್‌ಗಳು ತೆರೆದುಕೊಳ್ಳುತ್ತವೆ, ಅಲ್ಲಿಂದ ಸ್ವಯಂಚಾಲಿತ ಅನುಕ್ರಮ ಶುರು: ಟ್ರಾನ್ಸ್‌ಮಿಟರ್ ಆನ್, ಉರುಳಾಟ ತಗ್ಗಿಸುವುದು, ಸೌರ ಫಲಕಗಳನ್ನು ಬಿಡಿಸುವುದು, ಸೂರ್ಯನತ್ತ ತಿರುಗುವುದು. ಒಂದೇ ಸ್ವಿಚ್ಚನ್ನು ನಂಬಿದರೆ ಎರಡು ಅಪಾಯ. ಅದು ಕೆಟ್ಟರೆ ಅನುಕ್ರಮ ಶುರುವೇ ಆಗುವುದಿಲ್ಲ. ಅದು ಅಲುಗಾಡಿ ತಪ್ಪು ಹೇಳಿದರೆ ರಾಕೆಟ್ ತುದಿಯಲ್ಲಿ ಉಪಗ್ರಹವನ್ನು ಮುಚ್ಚಿರುವ ಉಷ್ಣ ಕವಚದ ಒಳಗೇ ಫಲಕ ಬಿಚ್ಚಿಕೊಳ್ಳಬಹುದು. ಮೂರು ಸ್ವಿಚ್ ಇಟ್ಟು ಎರಡರ ಮಾತು ಒಂದಾದರೆ ಮಾತ್ರ ನಂಬುವ ವ್ಯವಸ್ಥೆ ಇರುವುದು ಇದಕ್ಕೇ.

ಬ್ಯಾಟರಿಯ ಲೆಕ್ಕವನ್ನು ಕೈಯಾರೆ ಒಮ್ಮೆ ಮಾಡಿ. ಈ ಹಂತದಲ್ಲಿ 300 ವ್ಯಾಟ್ ಬಳಕೆ, ಫಲಕ ಕೆಲಸಕ್ಕೆ ಬರಲು ಕೆಟ್ಟ ಪಕ್ಷ 2 ಗಂಟೆ ಎಂದಾದರೆ 600 ವ್ಯಾಟ್-ಅವರ್ ಬೇಕು. ಬ್ಯಾಟರಿಯನ್ನು ಶೇ. 60ಕ್ಕಿಂತ ಹೆಚ್ಚು ಬರಿದು ಮಾಡಬಾರದು ಎಂದಿದ್ದರೆ ಅದರ ಸಾಮರ್ಥ್ಯ ಕನಿಷ್ಠ 1,000 ವ್ಯಾಟ್-ಅವರ್ ಇರಬೇಕು. ಈ 2 ಗಂಟೆ ಶುರುವಾಗುವುದು ಬೇರ್ಪಡುವಾಗ ಅಲ್ಲ, ಉಡಾವಣಾ ವೇದಿಕೆಯಲ್ಲಿ ಹೊರಗಿನ ವಿದ್ಯುತ್ ಕಡಿದು ಬ್ಯಾಟರಿಗೆ ಬದಲಾದಾಗಿನಿಂದ. ಹೊಸಬರು ಹೆಚ್ಚಾಗಿ ತಪ್ಪುವುದು ಇಲ್ಲೇ. ಕೌಂಟ್‌ಡೌನ್ ನಿಂತರೆ ಎಷ್ಟು ನಿಮಿಷ ಬ್ಯಾಟರಿಯ ಮೇಲಿರಬಹುದು, ಯಾವಾಗ ಮತ್ತೆ ಹೊರಗಿನ ವಿದ್ಯುತ್ತಿಗೆ ಮರಳಬೇಕು ಎಂಬ ಮಿತಿಯೂ ಇದೇ ಲೆಕ್ಕದಿಂದ ಹುಟ್ಟುತ್ತದೆ.

ಎರಡೂ ಕಡೆ ಒಂದೇ ಭಾಷೆ

ಉಪಗ್ರಹ ತನ್ನ ಸ್ಥಿತಿಯ ಬಗ್ಗೆ ಕಳಿಸುವ ಮಾಹಿತಿ, ಅಂದರೆ ಟೆಲಿಮೆಟ್ರಿ, ಬರೀ ಬಿಟ್‌ಗಳ ಸಾಲು. ಇಷ್ಟನೇ ಬೈಟ್ ಬ್ಯಾಟರಿಯ ವೋಲ್ಟೇಜ್, ಅದನ್ನು ಇದರಿಂದ ಗುಣಿಸಿ ಇಷ್ಟು ಕೂಡಬೇಕು ಎಂದು ಹೇಳುವುದು ನೆಲದ ಡೇಟಾಬೇಸ್. ಅದರಲ್ಲಿ ಸಾವಿರಾರು ನಿಯತಾಂಕಗಳಿರುತ್ತವೆ. ಕಾರ್ಖಾನೆಯಲ್ಲಿ ಪರೀಕ್ಷೆಗೆ ಬಳಸಿದ ಡೇಟಾಬೇಸ್ ಒಂದು ಆವೃತ್ತಿ, ನಿಯಂತ್ರಣ ಕೇಂದ್ರದ್ದು ಇನ್ನೊಂದು ಎಂದಾದರೆ ಸರಿಯಾದ ತಾಪಮಾನ ತಪ್ಪಾಗಿ ಕಂಡು, ಇಲ್ಲದ ದೋಷವನ್ನು ಸರಿಪಡಿಸಲು ಹೋಗಿ ನಿಜವಾದ ದೋಷ ತಂದಿಡುವ ಅಪಾಯವಿದೆ.

ಇದಕ್ಕೆ ಮದ್ದು ವ್ಯವಸ್ಥಾ ಮಾನ್ಯತಾ ಪರೀಕ್ಷೆ. ಉಪಗ್ರಹ ಇನ್ನೂ ಕ್ಲೀನ್ ರೂಮಿನಲ್ಲಿರುವಾಗಲೇ, ನಿಯಂತ್ರಣ ಕೇಂದ್ರದ ನಿಜವಾದ ಕಂಪ್ಯೂಟರ್‌ಗಳಿಂದ, ನಿಜವಾದ ವಿಧಾನ ಪತ್ರ ಹಿಡಿದು, ನಿಜವಾದ ಉಪಗ್ರಹಕ್ಕೆ ಕಮಾಂಡ್ ಕಳಿಸುತ್ತಾರೆ. ರೇಡಿಯೊ ಭಾಗಕ್ಕೆ ಬೇರೆ ಹೊಂದಾಣಿಕೆ ಪರೀಕ್ಷೆ ಇರುತ್ತದೆ. ಉಪಗ್ರಹದಲ್ಲಿ ಸಂಕೇತ ಪಡೆದು ಕಳಿಸುವ ರೇಡಿಯೊ ಘಟಕವಾದ ಟ್ರಾನ್ಸ್‌ಪಾಂಡರ್‌ನ ಪ್ರತಿರೂಪವನ್ನು ಪೆಟ್ಟಿಗೆಯಲ್ಲಿ ಕಟ್ಟಿ ಪ್ರತಿ ನೆಲದ ಕೇಂದ್ರಕ್ಕೂ ಒಯ್ದು ನೋಡುತ್ತಾರೆ. ಮಾಡ್ಯುಲೇಷನ್, ಕೋಡಿಂಗ್, ಬಿಟ್‌ಗಳ ಕ್ರಮದಂಥ ಚಿಕ್ಕ ಭಿನ್ನತೆಗಳು ಸಿಕ್ಕಿಬೀಳುವುದು ಅಲ್ಲೇ.

ಎರಡು ಸಾಫ್ಟ್‌ವೇರ್‌ಗಳ ನಡುವಿನ ಒಪ್ಪಂದ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ 1999ರಲ್ಲಿ ಕಳೆದುಹೋದ ನಾಸಾದ ಮಂಗಳ ನೌಕೆ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಇಂದಿಗೂ ಪಾಠ. ನೆಲದ ಸಾಫ್ಟ್‌ವೇರ್ ಒಂದು ಥ್ರಸ್ಟರ್‌ನ (ಪಥ, ದಿಕ್ಕು ತಿದ್ದುವ ಸಣ್ಣ ಎಂಜಿನ್‌ನ) ತಳ್ಳುವಿಕೆಯನ್ನು ಪೌಂಡ್-ಸೆಕೆಂಡಿನಲ್ಲಿ ಕೊಟ್ಟಿತು, ಇನ್ನೊಂದು ಅದನ್ನು ನ್ಯೂಟನ್-ಸೆಕೆಂಡ್ ಎಂದು ಓದಿತು. 4.45 ಪಟ್ಟು ವ್ಯತ್ಯಾಸ, ನೌಕೆಯೇ ಹೋಯಿತು. ಭೂ ವೀಕ್ಷಣೆಯಲ್ಲಿ ಇದಕ್ಕೆ ಹತ್ತಿರದ ಬಲೆ ಸಮಯ. 2017ರ ಜನವರಿ 1ರಿಂದ ಜಿಪಿಎಸ್ ಸಮಯ ಜಾಗತಿಕ ಪ್ರಮಾಣಿತ ಸಮಯವಾದ ಯುಟಿಸಿಗಿಂತ 18 ಸೆಕೆಂಡ್ ಮುಂದಿದೆ. ಉಪಗ್ರಹ ಒಂದನ್ನು, ಚಿತ್ರ ಯೋಜಿಸುವ ಸಾಫ್ಟ್‌ವೇರ್ ಇನ್ನೊಂದನ್ನು ಹಿಡಿದರೆ, ನೆಲದ ಮೇಲೆ ಚಿತ್ರ ಸುಮಾರು 120 ಕಿ.ಮೀ. ಆಚೆ ಬೀಳುತ್ತದೆ. ಚಿತ್ರ ಮಾತ್ರ ಚೆನ್ನಾಗಿಯೇ ಇರುತ್ತದೆ. ಅದಕ್ಕೇ ಈ ತಪ್ಪು ಬೇಗ ಕಣ್ಣಿಗೆ ಬೀಳುವುದಿಲ್ಲ.

ತಾಲೀಮು

ಸಿಮ್ಯುಲೇಟರ್ ಮುಂದೆ ತಂಡಗಳು ಹಗಲು-ರಾತ್ರಿ ಪಾಳಿಯಲ್ಲಿ ಕೂತು ಮೊದಲ ಮೂರು ದಿನಗಳನ್ನು ಮತ್ತೆ ಮತ್ತೆ ಬದುಕುತ್ತವೆ. ಎಲ್ಲ ಸರಿಯಾಗಿ ನಡೆಯುವ ತಾಲೀಮು ಒಂದೆರಡು ಸಾಕು; ಉಳಿದವುಗಳಲ್ಲಿ ತರಬೇತಿದಾರರು ದೋಷ ತುರುಕುತ್ತಾರೆ: ಒಂದು ಫಲಕ ಬಿಡಿಸಿಕೊಳ್ಳಲಿಲ್ಲ, ನಕ್ಷತ್ರ ನೋಡಿ ದಿಕ್ಕು ತಿಳಿಯುವ ಸ್ಟಾರ್ ಸೆನ್ಸರ್ ಕುರುಡಾಯಿತು, ನೆಲದ ಕೇಂದ್ರದ ಸಂಪರ್ಕ ಜಾಲ ಬಿತ್ತು. ಇದು ಅತಿಯಾಯಿತು ಅನ್ನಿಸಿದರೆ ಯುರೋಪಿನ ಭೂ ವೀಕ್ಷಣಾ ಉಪಗ್ರಹ ಸೆಂಟಿನೆಲ್-1ಎ ನೆನಪಿಸಿಕೊಳ್ಳಿ. 2014ರ ಏಪ್ರಿಲ್ 3ರಂದು ಹಾರಿದ ಅದು ಎರಡು ದಿನದೊಳಗೇ, ಇಂಧನ ಮುಗಿದಿದ್ದ ಅಕ್ರಿಮ್‌ಸ್ಯಾಟ್ ಎಂಬ ಹಳೆಯ ಉಪಗ್ರಹಕ್ಕೆ ಡಿಕ್ಕಿಯಾಗದಂತೆ ಪಥ ಬದಲಿಸಬೇಕಾಯಿತು. ಆಗಿನ್ನೂ ಥ್ರಸ್ಟರ್‌ಗಳ ಪರಿಶೀಲನೆಯೇ ಮೊದಲ ಹಂತದಲ್ಲಿತ್ತು.

ಕ್ಲೀನ್ ರೂಮಿನಿಂದ ವೇದಿಕೆಗೆ

ಪರಿಸರ ಪರೀಕ್ಷೆಗಳ ಬಗ್ಗೆ ಪುಸ್ತಕಗಳಲ್ಲಿ ಧಾರಾಳವಾಗಿ ಸಿಗುತ್ತದೆ, ಇಲ್ಲಿ ಮುಖ್ಯವಾದುದನ್ನಷ್ಟೇ ಬರೆಯುತ್ತೇವೆ. ಕಂಪನ ಪರೀಕ್ಷೆಯ ಮೊದಲು ಮತ್ತು ನಂತರ ಮೆಲುವಾಗಿ ಅಲುಗಿಸಿ ಉಪಗ್ರಹದ ಸಹಜ ಕಂಪನಾಂಕಗಳನ್ನು ಅಳೆಯುತ್ತಾರೆ. ಎರಡು ರೇಖೆಗಳೂ ಒಂದರ ಮೇಲೊಂದು ಕೂರಬೇಕು. ಕಂಪನಾಂಕ ಗಮನಾರ್ಹವಾಗಿ ಇಳಿದಿದ್ದರೆ ಎಲ್ಲೋ ಬೋಲ್ಟ್ ಸಡಿಲಾಗಿದೆ ಅಥವಾ ಅಂಟು ಬಿಟ್ಟಿದೆ ಎಂದರ್ಥ. ಉಷ್ಣ-ನಿರ್ವಾತ ಕೋಣೆಯಲ್ಲಿ ಒತ್ತಡ 10⁻⁵ ಮಿಲಿಬಾರ್‌ಗಿಂತ ಕೆಳಗಿಳಿಸಿ ಬಿಸಿ-ತಣ್ಣನೆಯ ಆವರ್ತನೆ ನಡೆಸುತ್ತಾರೆ. ಕ್ಯಾಮೆರಾ ಹೊತ್ತ ಉಪಗ್ರಹಕ್ಕೆ ಇದರಿಂದ ಇನ್ನೊಂದು ಲಾಭವಿದೆ: ಅಂಟು, ಬಣ್ಣ, ಕೇಬಲ್‌ಗಳಿಂದ ಹೊರಬರುವ ಆವಿ ಇಲ್ಲೇ ಹೊರಟುಹೋಗುತ್ತದೆ. ಇಲ್ಲದಿದ್ದರೆ ಅದು ಕಕ್ಷೆಯಲ್ಲಿ ತಣ್ಣಗಿನ ಲೆನ್ಸ್ ಮತ್ತು ಡಿಟೆಕ್ಟರ್ ಮೇಲೆ ಪದರವಾಗಿ ಕೂರುತ್ತದೆ. ಸಾಗಣೆಯಲ್ಲೂ ವೇದಿಕೆಯಲ್ಲೂ ಕ್ಯಾಮೆರಾ ಕೊಳವೆಗೆ ಒಣ ನೈಟ್ರೋಜನ್ ಹಾಯಿಸುತ್ತಲೇ ಇರುವುದೂ ಅದೇ ಕಾಳಜಿಯಿಂದ.

ವಿಕಿರಣ ಮಾಪನಾಂಕನ ನೆಲದಲ್ಲೇ ಮುಗಿಯಬೇಕು. ಒಳಗೆಲ್ಲ ಬಿಳಿಬಣ್ಣದ, ಸಮವಾಗಿ ಬೆಳಕು ಹರಡುವ ಗೋಳದ ಮುಂದೆ ಕ್ಯಾಮೆರಾ ಇಟ್ಟು, ಪ್ರತಿ ಡಿಟೆಕ್ಟರ್ ಎಷ್ಟು ಬೆಳಕಿಗೆ ಎಷ್ಟು ಅಂಕಿ ಕೊಡುತ್ತದೆ ಎಂದು ದಾಖಲಿಸುತ್ತಾರೆ. ಕ್ಯಾಮೆರಾದ ಪ್ರತಿ ಬ್ಯಾಂಡ್ (ಬೆಳಕಿನ ಬಣ್ಣದ ಪಟ್ಟಿ) ಯಾವ ತರಂಗಾಂತರಕ್ಕೆ ಎಷ್ಟು ಸ್ಪಂದಿಸುತ್ತದೆ ಎಂಬ ಅಳತೆಯನ್ನು ಹಾರಿದ ಮೇಲೆ ಹೊಸದಾಗಿ ಪಡೆಯುವುದು ಬಹುತೇಕ ಅಸಾಧ್ಯ. ಕಾಲಾವಕಾಶ ಕಡಿಮೆಯಾಯಿತೆಂದು ಈ ಹಂತವನ್ನು ಮೊಟಕುಗೊಳಿಸುವುದು, ನಮ್ಮ ಅಭಿಪ್ರಾಯದಲ್ಲಿ, ಇಡೀ ಯೋಜನೆಯಲ್ಲೇ ಅತ್ಯಂತ ದುಬಾರಿ ಉಳಿತಾಯ.

ಎತ್ತುವ, ಹೊರಳಿಸುವ ಕೆಲಸಗಳಲ್ಲಿ ಪರಿಶೀಲನಾ ಪಟ್ಟಿಯನ್ನು ಬಾಯಿಪಾಠದಂತೆ ಒಪ್ಪಿಸಬಾರದು. 2003ರ ಸೆಪ್ಟೆಂಬರ್ 6ರಂದು ಅಮೆರಿಕದ ನೋವಾ-ಎನ್ ಪ್ರೈಮ್ ಹವಾಮಾನ ಉಪಗ್ರಹವನ್ನು ಹೊರಳಿಸುವಾಗ ಅದು ಗಾಡಿಯಿಂದ ಜಾರಿ ನೆಲಕ್ಕೆ ಬಿತ್ತು. ಅಡಾಪ್ಟರ್ ಫಲಕ ಹಿಡಿದಿರಬೇಕಾಗಿದ್ದ 24 ಬೋಲ್ಟ್‌ಗಳನ್ನು ಮೊದಲೇ ಬಿಚ್ಚಲಾಗಿತ್ತು, ದಾಖಲೆಯಾಗಿರಲಿಲ್ಲ, ಆ ದಿನದ ತಂಡ ಕಣ್ಣಾರೆ ನೋಡಿರಲಿಲ್ಲ. ದುರಸ್ತಿಯಾಗಿ ಅದು ಹಾರಿದ್ದು 2009ರ ಫೆಬ್ರವರಿಯಲ್ಲಿ, ನೋವಾ-19 ಎಂಬ ಹೆಸರಿನಲ್ಲಿ.

ಇಂಧನ ತುಂಬುವುದು ಬಹುತೇಕ ಕೊನೆಗೆ. ಇಂಧನವಾದ ಹೈಡ್ರಜೀನ್ ವಿಷಕಾರಿ, ಗಾಳಿ ಪೂರೈಕೆಯಿರುವ, ಮೈಯೆಲ್ಲ ಮುಚ್ಚುವ ಉಡುಪು ತೊಟ್ಟವರ ಹೊರತು ಯಾರೂ ಕೋಣೆಯಲ್ಲಿರುವಂತಿಲ್ಲ. ಅದಕ್ಕೂ ಮುನ್ನ ಹೀಲಿಯಂ ತುಂಬಿ ಸೋರಿಕೆ ನೋಡುತ್ತಾರೆ. ಹೈಡ್ರಜೀನ್ ಸುಮಾರು 2 ಡಿಗ್ರಿ ಸೆಲ್ಸಿಯಸ್‌ನಲ್ಲೇ ಹೆಪ್ಪುಗಟ್ಟುವುದರಿಂದ, ಕಕ್ಷೆ ಸೇರಿದೊಡನೆ ಕೊಳವೆಗಳ ಹೀಟರ್ ಆನ್ ಆಗಿದೆಯೇ ಎಂಬುದು ಮೊದಲ ಪಾಸ್‌ನ ಪಟ್ಟಿಯಲ್ಲಿ ಮೇಲೆಯೇ ಇರುತ್ತದೆ. ಉಷ್ಣ ಕವಚ ಮುಚ್ಚುವ ಮುನ್ನ ಕೆಂಪು ಪಟ್ಟಿಯ ರಕ್ಷಣಾ ಮುಚ್ಚಳಗಳನ್ನೆಲ್ಲ ತೆಗೆದು, ಎಣಿಸಿ, ಹಲಗೆಯ ಮೇಲೆ ಜೋಡಿಸಿ ಫೋಟೊ ತೆಗೆಯುತ್ತಾರೆ. ಒಂದು ಕಡಿಮೆಯಾದರೂ ಕೆಲಸ ನಿಲ್ಲುತ್ತದೆ.

ಚಿತ್ರಗಳಿಗೆ ದಾರಿ

100 ಕಿ.ಮೀ. ಅಗಲದ ಪಟ್ಟಿ, 10 ಮೀಟರ್ ಪಿಕ್ಸೆಲ್, 4 ಬ್ಯಾಂಡ್, 12 ಬಿಟ್: ಉಪಗ್ರಹದ ನೆರಳು ನೆಲದ ಮೇಲೆ ಸೆಕೆಂಡಿಗೆ 6.76 ಕಿ.ಮೀ. ಓಡುವುದರಿಂದ ಸೆಕೆಂಡಿಗೆ ಸುಮಾರು 324 ಮೆಗಾಬಿಟ್ ಹುಟ್ಟುತ್ತದೆ. 260 ಮೆಗಾಬಿಟ್ ವೇಗದ ಎಕ್ಸ್-ಬ್ಯಾಂಡ್ ಕೊಂಡಿಯಲ್ಲಿ 10 ನಿಮಿಷದ ಪಾಸ್ 156 ಗಿಗಾಬಿಟ್ ಇಳಿಸುತ್ತದೆ, ಅಂದರೆ ಸಂಕುಚನವಿಲ್ಲದೆ 8 ನಿಮಿಷದ ಚಿತ್ರಣ. ಧ್ರುವದ ಹತ್ತಿರದ ಕೇಂದ್ರಗಳಿಗೆ ಬೇಡಿಕೆ ಯಾಕೆಂದು ಈಗ ಗೊತ್ತಾಗಿರಬೇಕು. 78 ಡಿಗ್ರಿ ಉತ್ತರದಲ್ಲಿರುವ ನಾರ್ವೆಯ ದ್ವೀಪಸಮೂಹ ಸ್ವಾಲ್ಬಾರ್ಡ್‌ಗೆ, ಪ್ರತಿ ಸುತ್ತಿನಲ್ಲೂ ಧ್ರುವದ ಬಳಿ ಹಾಯುವ ಇಂಥ ಉಪಗ್ರಹದ ದಿನದ ಹದಿನಾಲ್ಕೂ ಸುತ್ತುಗಳು ಕಾಣುತ್ತವೆ. 8,025ರಿಂದ 8,400 ಮೆಗಾಹರ್ಟ್ಸ್ ಬ್ಯಾಂಡಿನ ಹಂಚಿಕೆಗೆ ಅರ್ಜಿ ವರ್ಷಗಳ ಮುಂಚೆಯೇ ಹೋಗಿರಬೇಕು, ಮತ್ತು ಅದರ ಮೇಲಂಚಿಗೆ ತಾಗಿಕೊಂಡೇ ದೂರ ಅಂತರಿಕ್ಷದ ನೌಕೆಗಳ ಬ್ಯಾಂಡ್ ಇರುವುದರಿಂದ ಫಿಲ್ಟರ್ ಬಿಗಿಯಾಗಿರಬೇಕು.

ಉಪಗ್ರಹ ನೇರ ನೆತ್ತಿಗೆ ಬಂದಾಗ ಎರಡು ಅಕ್ಷದ ಆಂಟೆನಾ ಅರೆಗಳಿಗೆಯಲ್ಲಿ ಹಿಂದುಮುಂದಾಗಬೇಕು. ಮೋಟಾರ್‌ಗೆ ಅದು ಸಾಧ್ಯವಾಗದೆ ಎಕ್ಸ್-ಬ್ಯಾಂಡ್ ಲಾಕ್ ತಪ್ಪುತ್ತದೆ. ಓರೆಯಾಗಿಸುವ ಮೂರನೇ ಅಕ್ಷ ಬೇಕಾಗುವುದು ಇಲ್ಲಿ. ನೆಲದ ಕೇಂದ್ರದ ಪರೀಕ್ಷೆಗೆ ಈಗಾಗಲೇ ಹಾರುತ್ತಿರುವ ಬೇರೆ ಉಪಗ್ರಹವೊಂದರ ನೆತ್ತಿ ಮೇಲಿನ ಪಾಸ್‌ಗಳನ್ನೇ ಬೇಕೆಂದು ಆರಿಸಿಕೊಳ್ಳಿ.

ಗಡಿಯಾರ

ಸೂರ್ಯ-ಸಮಕಾಲಿಕ ಕಕ್ಷೆಯಲ್ಲಿ ಉಪಗ್ರಹ ಪ್ರತಿ ಸುತ್ತಿನಲ್ಲೂ ಹೆಚ್ಚೂಕಡಿಮೆ ಒಂದೇ ಸ್ಥಳೀಯ ಸಮಯಕ್ಕೆ ಸಮಭಾಜಕ ದಾಟುತ್ತದೆ. ಆ ಸಮಯ ನಿರ್ಧಾರವಾಗುವುದು ಉಡಾವಣೆಯ ಗಳಿಗೆಯಿಂದ. ಭೂಮಿ 4 ನಿಮಿಷಕ್ಕೆ 1 ಡಿಗ್ರಿ ತಿರುಗುತ್ತದೆ. ಅಷ್ಟು ತಡವಾದರೆ ಉಪಗ್ರಹ ಸಮಭಾಜಕ ದಾಟುವ ಸ್ಥಳೀಯ ಸಮಯವೂ 4 ನಿಮಿಷ ಸರಿಯುತ್ತದೆ. ಹಾಗೆ ಸರಿದ ಕಕ್ಷೆಯ ಸಮತಲವನ್ನು 1 ಡಿಗ್ರಿ ತಿದ್ದಲು ಸೆಕೆಂಡಿಗೆ ಸುಮಾರು 131 ಮೀಟರ್ ವೇಗ ಬದಲಾವಣೆ ಬೇಕು, ಅದಕ್ಕೆ ತಗಲುವ ಇಂಧನ ನೇರವಾಗಿ ಆಯುಷ್ಯದಿಂದ ಕಳೆಯುತ್ತದೆ. ಆದ್ದರಿಂದ ಕೌಂಟ್‌ಡೌನ್‌ನ ಕೊನೆಯ ಗಂಟೆಯಲ್ಲಿ ನೆಲದ ಕೇಂದ್ರವೊಂದು ಕೈಕೊಟ್ಟರೆ ಕಾಯಬೇಕೇ, ಬೇಡವೇ ಎಂಬ ಚರ್ಚೆ ಆಗ ಹುಟ್ಟಬಾರದು. ಯಾವ ಕೇಂದ್ರ ಇಲ್ಲದೆ ಹಾರಬಹುದು, ಯಾವುದು ಇಲ್ಲದೆ ಹಾರಕೂಡದು, ಮೊದಲ ಪಾಸ್ ತಪ್ಪಿದರೆ ಎರಡನೆಯದು ಎಷ್ಟು ನಿಮಿಷದ ನಂತರ, ಬ್ಯಾಟರಿ ಅಲ್ಲಿಯವರೆಗೆ ಬರುತ್ತದೆಯೇ ಎಂಬುದನ್ನು ವಾರಗಳ ಮೊದಲೇ ಬರೆದು, ಉಪಗ್ರಹ ತಂಡ ಮತ್ತು ನೆಲದ ತಂಡ ಎರಡೂ ಸಹಿ ಹಾಕಿರಬೇಕು.