ಹಾ ನೋಯ್, ಞಾ ಚಾಂಗ್, ಫಾನ್ ರಾಂಗ್: ವಿಯೆಟ್ನಾಂ ಊರುಗಳಿಗೆ ಹೆಸರು ಬಂದ ಬಗೆ

ವಿಯೆಟ್ನಾಂ ನಕ್ಷೆಯಲ್ಲಿರುವುದೆಲ್ಲ ನಮಗೆ ಗೊತ್ತಿರುವ ರೋಮನ್ ಅಕ್ಷರಗಳೇ. ತೊಂದರೆ ಶುರುವಾಗುವುದೂ ಅಲ್ಲೇ. ಇಂಗ್ಲಿಷ್ ಓದುವ ಹಾಗೆ ಓದಿದರೆ ಹತ್ತರಲ್ಲಿ ಎಂಟು ಹೆಸರು ತಪ್ಪುತ್ತವೆ. ಯಾಕೆಂದರೆ ಆ ಅಕ್ಷರಗಳನ್ನು ಕೂಡಿಸಿದವರು ಇಂಗ್ಲಿಷರಲ್ಲ. 17ನೇ ಶತಮಾನದಲ್ಲಿ ಅಲ್ಲಿಗೆ ಬಂದ ಜೆಸ್ವಿಟ್ ಪಾದ್ರಿಗಳು ಪೋರ್ಚುಗೀಸ್ ರೂಢಿ ಹಿಡಿದು ಆ ಭಾಷೆಯನ್ನು ಬರೆದುಕೊಂಡರು. ಅಲೆಕ್ಸಾಂಡರ್ ದ ರೋಡ್ಸ್ ಎಂಬ ಪಾದ್ರಿಯ ನಿಘಂಟು 1651ರಲ್ಲಿ ರೋಮ್‌ನಲ್ಲಿ ಅಚ್ಚಾಯಿತು. ಆದರೂ ಅರಮನೆಯ ಬರಹ 20ನೇ ಶತಮಾನದ ಶುರುವಿನವರೆಗೂ ಚೀನೀ ಲಿಪಿಯಲ್ಲೇ ನಡೆಯುತ್ತಿತ್ತು.

ಎನ್ ಮತ್ತು ಎಚ್ ಸೇರಿಸಿ ಬರೆದರೆ ಪೋರ್ಚುಗೀಸಿನಲ್ಲಿ ಅದು 'ಞ'. ಆದ್ದರಿಂದ ಕಡಲತೀರದ ಆ ಪ್ರಸಿದ್ಧ ಊರು 'ನ್ಹಾ ಟ್ರಾಂಗ್' ಅಲ್ಲ. ಉತ್ತರದವರ ಬಾಯಲ್ಲಿ ಞಾ ಚಾಂಗ್, ದಕ್ಷಿಣದವರ ಬಾಯಲ್ಲಿ ಹೆಚ್ಚುಕಡಿಮೆ ಞಾ ಟ್ರಾಂಗ್. ನಾವು ಒಂದನೇ ಕ್ಲಾಸಿನಲ್ಲಿ ಬಾಯಿಪಾಠ ಮಾಡಿ ಆಮೇಲೆ ಮರೆತೇಬಿಟ್ಟ ಙ, ಞ ಎರಡಕ್ಕೂ ಅಲ್ಲಿ ಕೈತುಂಬ ಕೆಲಸ. ಟಿ-ಎಚ್ ಅಂದರೆ ಅಚ್ಚ 'ಥ'. ಮೆಕಾಂಗ್ ಬಯಲಿನ ದೊಡ್ಡ ಊರು ಕನ್ ಥ; ಕೊನೆಯ 'ಅ'ವನ್ನು ಚೂರು ಎಳೆದರೆ ಸಾಕು. ಇಂಗ್ಲಿಷಿನವರು ಒದ್ದಾಡುವ ಕಡೆ ಕನ್ನಡದ ನಾಲಿಗೆ ಆರಾಮಾಗಿ ಹೋಗುತ್ತದೆ.

ಡಿ ಅಕ್ಷರದ ಕತೆ ಮಾತ್ರ ಬೇರೆ. ಅದರಲ್ಲಿ ಎರಡು ಬಗೆ. ಮೇಲೆ ಅಡ್ಡಗೀಟು ಇದ್ದರೆ ದ-ಡ ನಡುವಿನ ದನಿ: ದಾ ನಂಗ್, ದಾ ಲಾತ್. ಗೀಟು ಇಲ್ಲದಿದ್ದರೆ ಉತ್ತರದಲ್ಲಿ 'ಝೂ'ನ ಝ, ದಕ್ಷಿಣದಲ್ಲಿ ಯ. ಸೈಗಾನ್ ಪಕ್ಕದ ಊರನ್ನು ನಾವು 'ಬಿನ್ ಡುವಾಂಗ್' ಅಂತೀವಿ, ಅಲ್ಲಿಯವರಿಗೆ ಅದು ಬಿನ್ ಯುವಂಗ್. ಇಂಗ್ಲಿಷ್ ನಕ್ಷೆಗಳು ಈ ಗೀಟನ್ನೇ ಹಾರಿಸಿಬಿಡುತ್ತವೆ, ಓದುವವರ ಗತಿ ಏನು? ಸ್ವರದ ಏರಿಳಿತ ಉತ್ತರದಲ್ಲಿ ಆರು, ದಕ್ಷಿಣದಲ್ಲಿ ಐದು. ಅದನ್ನು ಕನ್ನಡದಲ್ಲಿ ಬರೆದು ತೋರಿಸಲಾಗದು, ಕಿವಿಯಿಂದಲೇ ಕಲಿಯಬೇಕು.

ಇನ್ನು ಹೆಸರು ಬಂದದ್ದು ಎಲ್ಲಿಂದ? ನನಗೆ ಕಂಡಂತೆ ಒಂದು ಸುಲಭದ ಗುರುತು ಇದೆ. ಹೆಸರಿನ ಅರ್ಥ ಚೆಂದವಾಗಿದ್ದರೆ, ಶಾಂತಿ, ಸಮೃದ್ಧಿ, ವಿಸ್ತಾರ ಅಂತೆಲ್ಲ ಇದ್ದರೆ, ಹೆಚ್ಚಾಗಿ ಅದು ಅರಮನೆಯಲ್ಲಿ ಇಟ್ಟದ್ದು, ಚೀನೀ ಮೂಲದ ಪದ. ವಿಯೆಟ್ನಾಮಿಯರಿಗೇ ಅರ್ಥ ಹೊಳೆಯದ ಹೆಸರಾದರೆ ಅಲ್ಲಿ ಮೊದಲು ಬೇರೆ ಯಾರೋ ಇದ್ದರು ಅಂತ ಲೆಕ್ಕ.

ಅರಮನೆಯ ಹೆಸರಿಗೆ ಹನೋಯ್‌ಗಿಂತ ಒಳ್ಳೆ ಉದಾಹರಣೆ ಬೇಡ. 1010ರಲ್ಲಿ ದೊರೆ ಲಿ ಥಾಯ್ ತೊ ರಾಜಧಾನಿಯನ್ನು ಅಲ್ಲಿಗೆ ತಂದಾಗ ಡ್ರ್ಯಾಗನ್ ಮೇಲೇಳುವುದನ್ನು ಕಂಡನಂತೆ. ಅದಕ್ಕೇ ಥಂಗ್ ಲಾಂಗ್, ಅಂದರೆ ಮೇಲೇರುವ ಡ್ರ್ಯಾಗನ್. ಮುಂದೆ ಲೇ ದೊರೆಗಳ ಕಾಲದಲ್ಲಿ ದೋಂಗ್ ಕಿಞ್ ಎನಿಸಿತು. ಯುರೋಪಿನವರ ಬಾಯಲ್ಲಿ ಅದೇ 'ಟೊಂಕಿನ್'. 1802ರಲ್ಲಿ ಪಟ್ಟಕ್ಕೆ ಬಂದ ಜಾ ಲಾಂಗ್ ದೊರೆ ಹ್ವೆಯನ್ನು ರಾಜಧಾನಿ ಮಾಡಿಕೊಂಡ. ದೊರೆಯೇ ಇಲ್ಲದ ಊರಿಗೆ ರಾಜಚಿಹ್ನೆ ಯಾಕೆ? 1805ರಲ್ಲಿ 'ಲಾಂಗ್' ಎಂಬ ಉಚ್ಚಾರ ಹಾಗೇ ಉಳಿಯಿತು, ಬರೆಯುವ ಚೀನೀ ಅಕ್ಷರ ಮಾತ್ರ ಬದಲಾಯಿತು. ಡ್ರ್ಯಾಗನ್ ಹೋಗಿ 'ಏಳಿಗೆ' ಬಂತು. ಕೇಳಿದವರಿಗೆ ಏನೂ ಗೊತ್ತಾಗದು! ಇಂದಿನ ರೋಮನ್ ಬರಹದಲ್ಲೂ ಎರಡೂ ಒಂದೇ. ಅವನ ಮಗ ಮಿಞ್ ಮಾಂಗ್ 1831ರಲ್ಲಿ ಆ ಪ್ರಾಂತ್ಯವನ್ನೇ ಹಾ ನೋಯ್ ಎಂದ: ನದಿಯ ಒಳಗಿನದು. ಕೆಂಪು ನದಿ ಬಳಸಿ ಹರಿಯುವ ಜಾಗಕ್ಕೆ ಒಪ್ಪುವ ಹೆಸರು, ಅಬ್ಬರವಿಲ್ಲ.

ದಕ್ಷಿಣಕ್ಕೆ ಇಳಿದಂತೆ ಹೆಸರುಗಳ ಬಣ್ಣ ಬದಲಾಗುತ್ತದೆ. ಮಧ್ಯದ ಕರಾವಳಿ ನೂರಾರು ವರ್ಷ ಚಂಪಾ ರಾಜ್ಯದವರದ್ದು. ಅವರ ಶಾಸನಗಳು ಸಂಸ್ಕೃತದಲ್ಲಿ, ಚಾಮ್ ಭಾಷೆಯಲ್ಲಿ. ಊರುಗಳ ಹೆಸರು ವಿಜಯ, ಇಂದ್ರಪುರ, ಕೌಠಾರ, ಪಾಂಡುರಂಗ. ಹೌದು, ಪಾಂಡುರಂಗವೇ ಬಾಯಿಂದ ಬಾಯಿಗೆ ಸವೆದು ಫಾನ್ ರಾಂಗ್ ಆಯಿತು. ಕೇಳಿದ ಕೂಡಲೇ ಪಂಢರಪುರದ ವಿಠಲ ನೆನಪಾಗುವುದು ಸಹಜ, ಆದರೆ ಸುಮ್ನೆ ಅಲ್ಲಿಂದ ಇಲ್ಲಿಗೆ ದಾರಿ ಎಳೆಯಬೇಡಿ. ಚಂಪಾದ ದೊರೆಗಳು ಹೆಚ್ಚಾಗಿ ನಡೆದುಕೊಂಡದ್ದು ಶಿವನಿಗೆ. ಅವರ ದೊಡ್ಡ ಕ್ಷೇತ್ರ ಮಿ ಸೋನ್‌ನಲ್ಲಿ 2020ರಲ್ಲಿ ನಮ್ಮ ಪುರಾತತ್ವ ಇಲಾಖೆಯವರು ಜೀರ್ಣೋದ್ಧಾರ ಮಾಡುವಾಗ ಮರಳುಗಲ್ಲಿನ ಶಿವಲಿಂಗವೊಂದು ಸಿಕ್ಕಿತು.

1471ರಲ್ಲಿ ಲೇ ಥಾಞ್ ತೋಂಗ್ ಎಂಬ ದೊರೆ ವಿಜಯ ನಗರಿಯನ್ನು ಗೆದ್ದ. ಹೊಸ ಸೀಮೆಗೆ ಇಟ್ಟ ಹೆಸರು ಕ್ವಾಂಗ್ ನಾಮ್, 'ದಕ್ಷಿಣಕ್ಕೆ ಹರಡಿದ್ದು'. ವಿಜಯ ಇದ್ದ ಕಡೆ 1799ರಲ್ಲಿ ಇನ್ನೊಂದು ಯುದ್ಧದಲ್ಲಿ ಅಲ್ಲಿಯ ಕೋಟೆ ಗೆದ್ದ ಮೇಲೆ ಬಿಞ್ ದಿಞ್ ಎಂಬ ಹೆಸರು ಬಂತು. 'ಹದ್ದುಬಸ್ತಿಗೆ ತಂದದ್ದು' ಅಂತ ಅದರ ಭಾವ. ಮೊದಲಿನ ಹೆಸರೂ ಗೆದ್ದವರದ್ದೇ, ಆಮೇಲಿನದೂ ಗೆದ್ದವರದ್ದೇ. ಕೊನೆಗೆ ಉಳಿದಿದ್ದ ಪಾಂಡುರಂಗವನ್ನು 1832ರಲ್ಲಿ ಮಿಞ್ ಮಾಂಗ್ ನುಂಗಿದ.

ಹೆಸರುಗಳು ಮಾತ್ರ ಅಷ್ಟು ಬೇಗ ಸಾಯಲಿಲ್ಲ, ಅದರಲ್ಲೂ ನೀರಿನ ಹೆಸರುಗಳು. ಞಾ ಚಾಂಗ್‌ನ 'ಞಾ' ಚಾಮ್ ಭಾಷೆಯ 'ನೀರು' ಅನ್ನುತ್ತಾರೆ; ಆಪುಗಿಡ ಬೆಳೆದ ಹೊಳೆಯಂತೆ. ದಾ ಲಾತ್ ಎಂದರೆ ಲಾತ್ ಜನರ ಹೊಳೆ. ಪಶ್ಚಿಮದ ಗುಡ್ಡಗಾಡಿನ ನಕ್ಷೆಯಲ್ಲಿ ಇಯಾ, ಎಆ, ದಾಕ್ ಎಂದು ಶುರುವಾಗುವ ಊರುಗಳು ಸಾಲುಸಾಲು. ಮೂರಕ್ಕೂ ಅರ್ಥ ನೀರೇ: ಜರಾಯ್, ಎಡೆ, ಮ್ನಾಂಗ್, ಒಂದೊಂದು ಬುಡಕಟ್ಟಿನ ಪದ ಒಂದೊಂದು. ದೇಶದ ದಕ್ಷಿಣ ತುದಿಯ ಕಾ ಮಾವ್ ಕಾಂಬೋಡಿಯಾದವರ ಖ್ಮೇರ್ ಭಾಷೆಯ 'ಕಪ್ಪು ನೀರು'. ಅಲ್ಲಿಯ ಕಾಡಿನ ಎಲೆ ಕೊಳೆತು ನೀರು ನಿಜವಾಗಿಯೂ ಕಪ್ಪಗಿರುತ್ತದೆ.

ಕಾಫಿಗೆ ಹೆಸರಾದ ಬುವೊನ್ ಮಾ ಥುವೊತ್ ಎಡೆ ಭಾಷೆಯಲ್ಲಿ 'ಥುವೊತನ ಅಪ್ಪನ ಹಳ್ಳಿ'. ನಮ್ಮ ಮನೆಗಳಲ್ಲಿ ಗಂಡನ ಹೆಸರು ಹೇಳದೆ 'ಪುಟ್ಟನ ಅಪ್ಪ' ಎನ್ನುವ ಹಾಗೆ, ಅಲ್ವಾ?

ಹೆಸರಿಡುವ ಕೆಲಸ ಇನ್ನೂ ನಿಂತಿಲ್ಲ. 1976ರಲ್ಲಿ ಪ್ರಾಂತ್ಯಗಳನ್ನು ಕೂಡಿಸಿ ಹಾ ನಾಮ್ ನಿಞ್ ಎಂಬಂಥ ಅಂಟಿಸಿದ ಹೆಸರುಗಳನ್ನು ಮಾಡಿದರು. ಅದು 1991ರ ಕೊನೆಗೆ ಮತ್ತೆ ಒಡೆಯಿತು. ಅದೇ 1976ರಲ್ಲಿ ಸೈಗಾನ್ ಹೋ ಚಿ ಮಿಞ್ ನಗರವಾಯಿತು. ಆದರೂ ರೈಲು ನಿಲ್ದಾಣ ಸೈಗಾನ್, ವಿಮಾನದ ಟಿಕೆಟ್ಟಿನ ಗುರುತು ಎಸ್‌ಜಿಎನ್, ಜನರ ಬಾಯಲ್ಲೂ ಸೈಗಾನೇ. 2025ರ ಜುಲೈ 1ರಿಂದ 63 ಪ್ರಾಂತ್ಯಗಳು 34 ಆದವು. ಬಿಞ್ ದಿಞ್, ಕ್ವಾಂಗ್ ನಾಮ್ ಎರಡೂ ಪ್ರಾಂತ್ಯಗಳ ಪಟ್ಟಿಯಿಂದ ಹೋದವು. ಜಿಲ್ಲೆಗಳನ್ನೂ ತೆಗೆದು ವಾರ್ಡುಗಳನ್ನು ಹೊಸದಾಗಿ ಕಟ್ಟಿದರು. ಹೋ ಚಿ ಮಿಞ್ ನಗರದ ನಡುಮಧ್ಯದ ಒಂದು ವಾರ್ಡಿಗೆ ಸರ್ಕಾರವೇ ಈಗ 'ಸೈಗಾನ್' ಎಂದು ಹೆಸರಿಟ್ಟಿದೆ.