ಒಣಹಳ್ಳದಲ್ಲಿ ಚಿನ್ನ ಎಲ್ಲಿ ಕೂತಿರುತ್ತದೆ

ವರ್ಷವಿಡೀ ಹರಿಯುವ ಹೊಳೆಯಲ್ಲಿ ಚಿನ್ನ ಹುಡುಕುವುದೇ ಬೇರೆ, ಮಳೆ ಬಂದಾಗ ಕೆಲವು ಗಂಟೆ ಮಾತ್ರ ನೀರು ಕಾಣುವ ಒಣಹಳ್ಳದಲ್ಲಿ ಹುಡುಕುವುದೇ ಬೇರೆ ಎಂಬುದನ್ನು ಕ್ಷೇತ್ರಕಾರ್ಯಕ್ಕೆ ಬರುವ ಹೊಸಬರು ಸಾಮಾನ್ಯವಾಗಿ ತಡವಾಗಿ ಅರಿಯುತ್ತಾರೆ. ಅವರು ಮೊದಲು ಬಗೆಯುವುದು ತಿರುವಿನ ಒಳಬದಿಯ ಮರಳನ್ನು. ಪಾಠದಲ್ಲಿ ಹಾಗೆಯೇ ಕಲಿತಿರುತ್ತಾರೆ. ಅಮೆರಿಕದ ಅರಿಜೋನ ಮತ್ತು ದಕ್ಷಿಣ ಕ್ಯಾಲಿಫೋರ್ನಿಯದ ಮರುಭೂಮಿಯ ಹಳ್ಳಗಳಲ್ಲಿ ಈ ಲೆಕ್ಕ ಅನೇಕ ಸಲ ತಪ್ಪುತ್ತದೆ.

ಕಾರಣವಿಷ್ಟು. ನಿತ್ಯ ಹರಿಯುವ ನೀರು ಮರಳನ್ನು ಮತ್ತೆ ಮತ್ತೆ ಕದಲಿಸಿ, ಹಗುರವಾದುದನ್ನು ಮುಂದಕ್ಕೆ ಕಳಿಸಿ, ಭಾರವಾದುದನ್ನು ತಳಕ್ಕಿಳಿಸುತ್ತದೆ; ಅಕ್ಕಿ ಜಾಲಿಸುವಾಗ ಕಲ್ಲು ಪಾತ್ರೆಯ ತಳ ಸೇರುವ ಹಾಗೆ. ಮರುಭೂಮಿಯ ದಿಢೀರ್ ಪ್ರವಾಹಕ್ಕೆ ಅಷ್ಟು ವ್ಯವಧಾನವಿರುವುದಿಲ್ಲ. ಅದು ಬಂಡೆ, ಜಲ್ಲಿ, ಕೆಸರು ಎಲ್ಲವನ್ನೂ ಒಟ್ಟಿಗೆ ತಳ್ಳಿಕೊಂಡು ಬಂದು, ನೀರು ಇಂಗಿದೊಡನೆ ಇದ್ದಲ್ಲೇ ಬಿಟ್ಟುಬಿಡುತ್ತದೆ. ಆದ್ದರಿಂದ ಒಂದೊಂದು ಪ್ರವಾಹದ ಚಿನ್ನವೂ ಬೇರೆ ಬೇರೆ ಆಳದಲ್ಲಿ ತೆಳುವಾದ ಪಟ್ಟಿಗಳಾಗಿ ಉಳಿದಿರಬಹುದು. ಗುಂಡಿ ತೋಡುವಾಗ ನಾಲ್ಕು ಅಡಿಯ ಮಣ್ಣನ್ನೆಲ್ಲ ಒಂದೇ ಗುಡ್ಡೆಗೆ ಸುರಿಯಬಾರದು. ಪದರ ಬದಲಾದಲ್ಲೆಲ್ಲ ಮಾದರಿಯನ್ನು ಬೇರೆ ಮಾಡಬೇಕು. ಹೆಚ್ಚು ಚಿನ್ನ ಸಿಗುವುದು ಸಾಮಾನ್ಯವಾಗಿ ತಳಬಂಡೆಯ ಬಿರುಕುಗಳಲ್ಲಿ. ಆದರೆ ಬಂಡೆಗಿಂತ ಬಹಳ ಮೇಲೆಯೇ, ಸುಣ್ಣ ಸೇರಿ ಕಾಂಕ್ರೀಟಿನಂತೆ ಗಟ್ಟಿಯಾದ ಪದರವೊಂದು ಚಿನ್ನವನ್ನು ತಡೆದು ನಿಲ್ಲಿಸಿರುವುದುಂಟು. ಅಲ್ಲಿನವರು ಅದನ್ನು ಕಲೀಚಿ ಎನ್ನುತ್ತಾರೆ, ನಮ್ಮ ಎರೆಭೂಮಿಯ ಕಂಕರ್ ಅದೇ ಜಾತಿಯದು. ಹಳ್ಳದ ಇಕ್ಕೆಲಗಳಲ್ಲಿ ಈಗಿನ ತಳಕ್ಕಿಂತ ಎತ್ತರದಲ್ಲಿ ಮೆಟ್ಟಿಲಿನಂತೆ ಉಳಿದ ಹಳೆಯ ಜಲ್ಲಿಯನ್ನೂ ನೋಡದೆ ಬಿಡಬಾರದು, ಹಳ್ಳ ಒಂದು ಕಾಲಕ್ಕೆ ಅಲ್ಲೇ ಹರಿದಿತ್ತು.

ನೀರಿಲ್ಲದ ಕಡೆ ಮಣ್ಣನ್ನು ಜಾಲಿಸಲಾಗದು, ತೂರಬೇಕು. ಅಲ್ಲಿ ಬಳಸುವ ಒಣ ಯಂತ್ರದಲ್ಲಿ ಜರಡಿಯಿಂದ ಇಳಿದ ಮಣ್ಣು ಬಟ್ಟೆ ಹೊದಿಸಿದ ಇಳಿಜಾರಿನ ಮೇಲೆ ಜಾರುತ್ತದೆ. ಕೆಳಗಿನಿಂದ ತಿದಿ ಊದಿದ ಗಾಳಿ ಹಗುರ ಮರಳನ್ನು ಎತ್ತಿ ಸಾಗಿಸುತ್ತದೆ, ಭಾರದ ಕಣಗಳು ಅಡ್ಡಪಟ್ಟಿಗಳ ಹಿಂದೆ ಉಳಿಯುತ್ತವೆ. ಕಣದಲ್ಲಿ ರಾಶಿ ತೂರಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆದರೆ ಗಾಳಿ ನೀರಿನಷ್ಟು ಚೊಕ್ಕವಾಗಿ ಬೇರ್ಪಡಿಸುವುದಿಲ್ಲ. ನೀರಿನ ಸಾಂದ್ರತೆ 1 ಎಂದರೆ ಚಿನ್ನದ್ದು 19.3, ಬೆಣಚು ಮರಳಿನದು 2.65, ಗಾಳಿಯಲ್ಲಿ ಇವುಗಳ ನಡುವಿನ ಅಂತರ ಸುಮಾರು ಏಳು ಪಟ್ಟು. ನೀರಿನೊಳಗೆ ಎರಡೂ ತಮ್ಮ ಗಾತ್ರದಷ್ಟು ನೀರಿನ ತೂಕವನ್ನು ಕಳೆದುಕೊಳ್ಳುವುದರಿಂದ ಅದೇ ಅಂತರ ಹನ್ನೊಂದು ಪಟ್ಟಾಗುತ್ತದೆ. ಅದರ ಮೇಲೆ ಮಣ್ಣಿನಲ್ಲಿ ಸ್ವಲ್ಪ ತೇವವಿದ್ದರೂ ಚಿನ್ನದ ಪುಡಿ ಹೆಂಟೆಗೆ ಅಂಟಿಕೊಂಡು ಹೊರಗೆ ಹೋಗುತ್ತದೆ. ಮಾದರಿಯನ್ನು ಬಿಸಿಲಿಗೆ ಹರವಿ, ಹೆಂಟೆ ಒಡೆದು, ಎರಡು ಸಲ ಹಾಯಿಸುವ ತಾಳ್ಮೆ ಇಲ್ಲದವರು ಹಳ್ಳದಲ್ಲಿ ಚಿನ್ನವಿಲ್ಲವೆಂದು ವರದಿ ಬರೆಯಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಗುಡ್ಡದ ಇಳಿಜಾರಿನ ಚಿನ್ನ ಇನ್ನೂ ಬೇರೆ. ಅಲ್ಲಿ ಚಿನ್ನವಿರುವ ಬೆಣಚುಕಲ್ಲಿನ ಎಳೆಯೊಂದು ಬಿಸಿಲುಮಳೆಗೆ ಶಿಥಿಲಗೊಂಡು ಪುಡಿಯಾಗಿ, ಮಣ್ಣಿನೊಂದಿಗೆ ನಿಧಾನವಾಗಿ ಕೆಳಗೆ ಜಾರಿರುತ್ತದೆ. ಚಿನ್ನ ಹೆಚ್ಚು ದೂರ ಹೋಗಿರುವುದಿಲ್ಲ. ಇದನ್ನು ಕಣದ ಆಕಾರವೇ ಹೇಳುತ್ತದೆ. ಅಂಚುಗಳು ಒರಟಾಗಿದ್ದು ಬೆಣಚಿನ ಚೂರು ಕಚ್ಚಿಕೊಂಡಿದ್ದರೆ ಮೂಲ ಹತ್ತಿರದಲ್ಲಿದೆ. ಚಪ್ಪಟೆಯಾಗಿ ನುಣುಪಾಗಿದ್ದರೆ ದೂರದ ಪಯಣ. ನಾವು ಅನುಸರಿಸುವ ಕ್ರಮವೆಂದರೆ ಇಳಿಜಾರಿಗೆ ಅಡ್ಡಲಾಗಿ ಸಾಲು ಹಿಡಿದು, ಸಮ ಅಂತರದಲ್ಲಿ ಸಮ ಅಳತೆಯ ಮಣ್ಣು ತೆಗೆದು, ಪ್ರತಿಯೊಂದರಲ್ಲೂ ಕಣಗಳನ್ನು ಎಣಿಸುವುದು, ಆಮೇಲೆ ಇನ್ನೊಂದು ಸಾಲು ಮೇಲೆ. ಚಿನ್ನ ಹರಡಿದ ಅಗಲ ಮೇಲಕ್ಕೆ ಹೋದಂತೆ ಕಿರಿದಾಗುತ್ತದೆ, ಒಂದು ಸಾಲಿನಲ್ಲಿ ಎಣಿಕೆ ಇದ್ದಕ್ಕಿದ್ದಂತೆ ಸೊನ್ನೆಯಾಗುತ್ತದೆ. ಹೊಸಬರು ಆ ಸೊನ್ನೆ ಕಂಡು ಬೇಸರಪಡುತ್ತಾರೆ. ನಮಗೆ ಬೇಕಾಗಿದ್ದು ಅದೇ, ಏಕೆಂದರೆ ಎಳೆ ಆ ಸಾಲಿಗೂ ಅದರ ಕೆಳಗಿನ ಸಾಲಿಗೂ ನಡುವೆ ಇರಬೇಕು. ಇದಕ್ಕೆ ಹೊರತಾದ ಜಾಗಗಳೂ ಇವೆ: ಅರಿಜೋನದ ರಿಚ್ ಹಿಲ್‌ನಲ್ಲಿ 1863ರಲ್ಲಿ ಚಿನ್ನದ ಗಟ್ಟಿಗಳು ದೊರೆತದ್ದು ಬೆಟ್ಟದ ನೆತ್ತಿಯ ಮೇಲೆ.

ಕರ್ನಾಟಕದಲ್ಲಿ ಇಂಥ ಒಣಹಳ್ಳದ ಚಿನ್ನಕ್ಕೆ ಹತ್ತಿರದ ನಿದರ್ಶನ ಗದಗ ಸೀಮೆಯ ಕಪ್ಪತಗುಡ್ಡ. ಮಳೆಗಾಲದಲ್ಲಷ್ಟೇ ತುಂಬುವ ಸೊರಟೂರು, ಡೋಣಿಯ ಕಡೆಯ ಹಳ್ಳಗಳಲ್ಲಿ ಜಲಗಾರರೆಂದು ಕರೆಸಿಕೊಂಡವರು ಮಳೆ ಹೋದ ಮೇಲೆ ಮರಳು ತೊಳೆದು ಚಿನ್ನದ ಪುಡಿ ತೆಗೆಯುತ್ತಿದ್ದರು. 1874ರಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಈ ಗುಡ್ಡಗಳ ಚಿನ್ನದ ಶಿಲೆಗಳ ಕುರಿತು ವರದಿ ಬರೆದರು. ಇಂದು ಗುಡ್ಡ ವನ್ಯಜೀವಿಧಾಮವಾಗಿರುವುದರಿಂದ ಅಲ್ಲಿ ಯಾರೂ ಗುದ್ದಲಿ ಹಿಡಿದು ಹೋಗುವಂತಿಲ್ಲ.

ಮೇಲಕ್ಕೆ ಹೋಗಿ ಹುಡುಕುವ ಈ ಕ್ರಮಕ್ಕೆ ನಾನು ತರಬೇತಿಯಲ್ಲಿ ಕೊಡುವ ಉದಾಹರಣೆ ಕ್ಯಾಲಿಫೋರ್ನಿಯದ ಮೊಹಾವಿ ಮರುಭೂಮಿಯದು. 1893ರಲ್ಲಿ ಅಲ್ಲಿನ ಗೋಲರ್ ಕಣಿವೆಯಲ್ಲಿ ಚಿನ್ನ ಸಿಕ್ಕ ಸುದ್ದಿಗೆ ಜನ ಮುಗಿಬಿದ್ದರು. ಆ ಸೀಮೆಯ ಒಣಹಳ್ಳಗಳ ಮಣ್ಣು ತೂರುತ್ತಿದ್ದವರಲ್ಲಿ ಮೂವರು, ಮೂರ್ಸ್, ಸಿಂಗಲ್ಟನ್ ಮತ್ತು ಬರ್ಚಮ್, 1895ರ ಏಪ್ರಿಲ್‌ನಲ್ಲಿ ರ‍್ಯಾಂಡ್ ಪರ್ವತದ ಮೇಲಿನ ಬಂಡೆಯಲ್ಲೇ ಚಿನ್ನ ಕಂಡರು. ಅವರು ಅಲ್ಲಿ ತೆರೆದ ಯೆಲ್ಲೋ ಆ್ಯಸ್ಟರ್ ಗಣಿಯಿಂದ ರ‍್ಯಾಂಡ್ಸ್‌ಬರ್ಗ್ ಎಂಬ ಊರು ಎದ್ದಿತು.