‘ಬೆಂಗಳೂರು’ ಸಿಗದ ಫೈಲು

ಕಳೆದ ತಿಂಗಳು ಪರಿಚಯದ ಪ್ರಕಾಶಕರೊಬ್ಬರು ಫೋನ್ ಮಾಡಿದರು. ‘ಮೊದಲನೇ ಪುಟದಲ್ಲೇ ಬೆಂಗಳೂರು ಎಂದು ಕಣ್ಣಿಗೆ ರಾಚುವ ಹಾಗಿದೆ ಸಾರ್. ಹುಡುಕಿದರೆ ಇಡೀ ಪುಸ್ತಕದಲ್ಲಿ ಒಂದೂ ಸಿಗುತ್ತಿಲ್ಲ. ಈ ಸಾಫ್ಟ್‌ವೇರ್ ಸರಿಯಿಲ್ಲ. ಬೇರೆ ಒಳ್ಳೆಯ ಎಡಿಟರ್ ಯಾವುದಿದೆ ಹೇಳಿ, ಪುಕ್ಕಟೆ ಸಿಗುವಂಥದ್ದು.’

ಎಡಿಟರ್, ಅಂದರೆ ಪಠ್ಯ ತೆರೆದು ತಿದ್ದುವ ಆ ಸಾಫ್ಟ್‌ವೇರ್, ಸರಿಯಾಗಿಯೇ ಇತ್ತು. ಟೈಪ್ ಮಾಡಿದವರು ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆ ಒತ್ತಿದ್ದರು. ‘ಬೆಂಗಳೂರು’, ‘ಬೆ೦ಗಳೂರು’ ಎರಡನ್ನೂ ಒಮ್ಮೆ ನೋಡಿ. ಎರಡನೆಯದರಲ್ಲಿ ಇರುವುದು ಅಂಕಿ. ಎಷ್ಟೋ ಫಾಂಟುಗಳಲ್ಲಿ ಇವು ಅವಳಿಗಳಂತೆ ಕಾಣುತ್ತವೆ, ಕಂಪ್ಯೂಟರಿಗೆ ಮಾತ್ರ ಒಂದಕ್ಕೊಂದು ನಂಟೇ ಇಲ್ಲ.

ಹಳೆಯ ಡಿಟಿಪಿ ಫೈಲುಗಳನ್ನು ಯೂನಿಕೋಡ್‌ಗೆ, ಅಂದರೆ ಎಲ್ಲ ಲಿಪಿಗಳ ಅಕ್ಷರಗಳಿಗೂ ಒಂದೊಂದು ಸಂಖ್ಯೆ ಕೊಟ್ಟಿರುವ ಪಟ್ಟಿಗೆ, ತಂದು ಶುದ್ಧ ಮಾಡಿಕೊಡುವುದು ನನ್ನ ಕಸುಬು. ‘ಯಾವ ಎಡಿಟರ್ ಒಳ್ಳೆಯದು’ ಎಂಬ ಪ್ರಶ್ನೆ ವಾರಕ್ಕೊಮ್ಮೆಯಾದರೂ ಬರುತ್ತದೆ. ಸಾಮಾನ್ಯವಾಗಿ ಸಿಗುವ ತುಲನೆಗಳಲ್ಲಿ ಎಕ್ಸ್‌ಟೆನ್ಷನ್ ಎಷ್ಟಿವೆ, ಕೋಡಿಗೆ ಬಣ್ಣ ಹೇಗೆ ಹಚ್ಚುತ್ತದೆ, ಕಪ್ಪು ಥೀಮ್ ಇದೆಯೇ ಎಂಬ ಲೆಕ್ಕವೇ ಹೆಚ್ಚು. ಅದು ಪ್ರೋಗ್ರಾಮರ್‌ಗಳ ಲೆಕ್ಕ. ಕನ್ನಡ ಪಠ್ಯದ ಮೇಲೆ ಕೆಲಸ ಮಾಡುವವನು ಕೇಳಬೇಕಾದದ್ದು ಬೇರೆ: ಫೈಲಿನೊಳಗೆ ನಿಜವಾಗಿ ಏನಿದೆ ಎಂಬುದನ್ನು ಈ ಎಡಿಟರ್ ನನಗೆ ತೋರಿಸುತ್ತದೆಯೇ?

ಸೊನ್ನೆಯ ಕಾಯಿಲೆಗೆ ಮದ್ದು ರೆಗ್ಯುಲರ್ ಎಕ್ಸ್‌ಪ್ರೆಷನ್, ಅಂದರೆ ‘ಇಂಥ ನಮೂನೆಯದನ್ನೆಲ್ಲ ಹುಡುಕು’ ಎನ್ನುವ ಸೂತ್ರ. ವಿಂಡೋಸ್‌ನ ನೋಟ್‌ಪ್ಯಾಡ್‌ನಲ್ಲಿ ಅದಿಲ್ಲ. ನೋಟ್‌ಪ್ಯಾಡ್ ಪ್ಲಸ್ ಪ್ಲಸ್, ವಿಎಸ್ ಕೋಡ್, ಕೇಟ್ ಎಂಬ ಮೂರು ಎಡಿಟರ್‌ಗಳಲ್ಲೂ ಇದೆ. ಹೊಸಬರು ಮೊದಲು ಬರೆಯುವ ಸೂತ್ರ [ಅ-ಹ]೦, ಅಂದರೆ ಅಕ್ಷರದ ಬೆನ್ನಿಗೆ ಬಂದ ಸೊನ್ನೆ. ಇದಕ್ಕೆ ‘ಅ೦ಗಡಿ’ ಸಿಗುತ್ತದೆ, ‘ಬೆ೦ಗಳೂರು’ ತಪ್ಪಿಸಿಕೊಳ್ಳುತ್ತದೆ. ನಮ್ಮ ಕಣ್ಣಿಗೆ ‘ಬೆ’ ಒಂದೇ ಅಕ್ಷರವಾದರೂ ಯೂನಿಕೋಡ್‌ನಲ್ಲಿ ಅದು ‘ಬ’ ಮತ್ತು ಎತ್ವ ಎಂಬ ಎರಡು ತುಣುಕು. ಸೊನ್ನೆಯ ಹಿಂದೆ ನಿಂತಿರುವುದು ಎತ್ವ, ಯೂನಿಕೋಡ್ ಪಟ್ಟಿಯಲ್ಲಿ ಅದರ ಜಾಗ ‘ಹ’ಕಾರದ ಆಚೆ. ಆದ್ದರಿಂದ ವ್ಯಾಪ್ತಿಯನ್ನು ಔತ್ವದವರೆಗೆ ಎಳೆಯಬೇಕು: ([ಅ-ೌ])೦ ಎಂದು ಹುಡುಕಿ, $1ಂ ಎಂದು ಬದಲಿಸಿ ($1 ಎಂದರೆ ಆವರಣದೊಳಗೆ ಸಿಕ್ಕ ತುಣುಕು, ಕೇಟ್‌ನಲ್ಲಿ ಅದರ ಬದಲು \1). ಔತ್ವಕ್ಕೆ ಆಸರೆಯಾಗಿ ಅಕ್ಷರವಿಲ್ಲದ್ದರಿಂದ ಅದು ಪಕ್ಕದ ಗೆರೆಗೆ ಅಂಟಿಕೊಂಡೋ ಚುಕ್ಕಿಚುಕ್ಕಿ ವೃತ್ತದ ಮೇಲೆ ಕುಳಿತೋ ವಿಕಾರವಾಗಿ ಕಾಣುತ್ತದೆ. ಗಾಬರಿ ಬೇಡ, ಸೂತ್ರ ಕೆಲಸ ಮಾಡುತ್ತದೆ. ‘೧೦’, ‘೨೦೦’ ಇತ್ಯಾದಿ ನಿಜವಾದ ಸಂಖ್ಯೆಗಳಿಗೆ ಏಟು ಬೀಳುವುದಿಲ್ಲ. ಅಲ್ಲಿ ಸೊನ್ನೆಯ ಹಿಂದೆ ಇರುವುದು ಅಂಕಿ, ಅಂಕಿಗಳು ಈ ವ್ಯಾಪ್ತಿಯ ಹೊರಗೆ.

ಎರಡನೇ ಬಗೆಯ ಫೋನ್ ಕರೆ, ‘ಫೈಲ್ ತೆರೆದರೆ ಬರೀ ಕಸ ಬರುತ್ತಿದೆ’ ಎಂಬುದು. ಕಸದಲ್ಲಿ ಎರಡು ಜಾತಿ. ತಲೆಯ ಮೇಲೆ ಓರೆ ಗೀಟಿರುವ ಲ್ಯಾಟಿನ್ ‘ಎ’ ಪದೇ ಪದೇ ಬರುತ್ತಿದ್ದು, ಅದರ ಪಕ್ಕದಲ್ಲಿ ವರ್ಗ, ಘನಗಳಿಗೆ ಹಾಕುವಂಥ ಪುಟ್ಟ 2 ಅಥವಾ 3 ಇದ್ದರೆ ನೆಮ್ಮದಿಯಿಂದ ಕಾಫಿ ಕುಡಿಯಿರಿ. ಅಕ್ಷರಗಳನ್ನು ಫೈಲಿನಲ್ಲಿ ಬೈಟುಗಳಾಗಿ ಉಳಿಸುವ ವಿಧಾನಕ್ಕೆ ಎನ್‌ಕೋಡಿಂಗ್ ಎನ್ನುತ್ತಾರೆ. ಯುಟಿಎಫ್-8 ಎಂಬ ಯೂನಿಕೋಡ್ ಎನ್‌ಕೋಡಿಂಗ್‌ನಲ್ಲಿ ಕನ್ನಡದ ಪ್ರತಿ ತುಣುಕಿಗೂ ಮೂರು ಬೈಟ್. ಮೊದಲ ಬೈಟ್ ಸದಾ ಒಂದೇ, ಎರಡನೆಯದಕ್ಕೆ ಇರುವುದು ಎರಡೇ ಬೆಲೆ. ಅವನ್ನು ಪಾಶ್ಚಾತ್ಯ ಎನ್‌ಕೋಡಿಂಗ್ ಎಂದು ತಪ್ಪಾಗಿ ಓದಿದಾಗ ಮೂಡುವ ರೂಪ ಅದು. ಪಠ್ಯಕ್ಕೆ ಏನೂ ಆಗಿಲ್ಲ, ಸರಿಯಾದ ಎನ್‌ಕೋಡಿಂಗ್‌ನಲ್ಲಿ ಮತ್ತೆ ತೆರೆದರೆ ಸಾಕು. ಕಸ ಹೀಗೆ ಲಯಬದ್ಧವಾಗಿರದೆ ಬಗೆಬಗೆಯ ಲ್ಯಾಟಿನ್ ಅಕ್ಷರಗಳು ಕಲಸಿಕೊಂಡಿದ್ದರೆ ಅದು ‘ನುಡಿ’, ‘ಬರಹ’ ಎಂಬ ಕನ್ನಡ ತಂತ್ರಾಂಶಗಳ ಹಳೆಯ ಫಾಂಟಿನಲ್ಲಿ ಮಾಡಿದ ಫೈಲ್. ಅದನ್ನು ಯಾವ ಎಡಿಟರಿನ ಯಾವ ಮೆನುವೂ ಸರಿಪಡಿಸಲಾರದು, ಕನ್ವರ್ಟರ್ ಬೇಕೇ ಬೇಕು. ಹುಡುಕು-ಬದಲಿಸು ನಂಬಿಕೊಂಡು ಅಕ್ಷರಕ್ಕೆ ಅಕ್ಷರ ಕೂರಿಸಲು ಹೊರಟರೆ ‘ಸೂರ್ಯ’ದಲ್ಲೇ ಎಡವುತ್ತೀರಿ. ಹಳೆಯ ಫಾಂಟಿನಲ್ಲಿ ಅರ್ಕಾವೊತ್ತು ‘ಯ’ದ ನಂತರ, ಯೂನಿಕೋಡ್‌ನಲ್ಲಿ ‘ರ್’ ಅದಕ್ಕಿಂತ ಮೊದಲು.

‘ಮತ್ತೆ ತೆರೆಯುವುದು’ ಎಂದೆನಲ್ಲ, ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ನಲ್ಲಿ ಎಲ್ಲರೂ ಮುಗ್ಗರಿಸುವುದು ಅಲ್ಲಿಯೇ. 2003ರಲ್ಲಿ ಡಾನ್ ಹೋ ಹೊರತಂದ ಈ ಎಡಿಟರ್ ಹಗುರ, ಚುರುಕು. ಸೇವ್ ಮಾಡದ ಟ್ಯಾಬನ್ನೂ ನೆನಪಿಟ್ಟುಕೊಳ್ಳುವಷ್ಟು ಉಪಕಾರಿ. ಆದರೆ ಅದರ ಎನ್‌ಕೋಡಿಂಗ್ ಮೆನುವಿನಲ್ಲಿ ಒಂದೇ ಹೆಸರುಗಳು ಎರಡು ಸಾಲಾಗಿ ಬರುತ್ತವೆ. ಮೇಲಿನವು ‘ಈ ಬೈಟುಗಳನ್ನು ಹೀಗೆ ಓದು’ ಎನ್ನುತ್ತವೆ. ಕೆಳಗಿನ ‘ಕನ್ವರ್ಟ್’ ಸಾಲು ಬೈಟುಗಳನ್ನೇ ಬದಲಿಸುತ್ತದೆ. ನನ್ನ ಬಳಿ ಕೆಲಸ ಕಲಿಯುತ್ತಿದ್ದ ಹುಡುಗಿಯೊಬ್ಬಳು ಒಂದು ಕಥಾಸಂಕಲನವನ್ನು ‘ಕನ್ವರ್ಟ್ ಟು ಆನ್ಸಿ’ ಮಾಡಿ, ಸೇವ್ ಒತ್ತಿ, ಊಟಕ್ಕೆ ಹೋದಳು. ಬಂದು ನೋಡಿದರೆ ಕನ್ನಡವಿದ್ದಲ್ಲೆಲ್ಲ ಪ್ರಶ್ನಾರ್ಥಕ ಚಿಹ್ನೆಗಳ ಸಾಲು. ಆನ್ಸಿ ಎಂಬ ಹಳೆಯ ಎನ್‌ಕೋಡಿಂಗ್‌ನಲ್ಲಿ ಕನ್ನಡಕ್ಕೆ ಜಾಗವಿಲ್ಲ, ಜಾಗವಿಲ್ಲದ್ದೆಲ್ಲ ಪ್ರಶ್ನೆಯಾಗಿ ಬಿಡುತ್ತದೆ. ಲೇಖಕರ ಇ-ಮೇಲ್‌ನಲ್ಲಿ ಮೂಲ ಪ್ರತಿ ಉಳಿದಿದ್ದರಿಂದ ಇಬ್ಬರೂ ಬಚಾವಾದೆವು. ಈ ವಿಷಯದಲ್ಲಿ ವಿಎಸ್ ಕೋಡ್‌ಗೆ ನನ್ನ ಓಟು. ಕೆಳಪಟ್ಟಿಯಲ್ಲಿ ಎನ್‌ಕೋಡಿಂಗ್ ಹೆಸರನ್ನು ಒತ್ತಿದರೆ ‘ಈ ಎನ್‌ಕೋಡಿಂಗ್‌ನಲ್ಲಿ ಮತ್ತೆ ತೆರೆ’, ‘ಈ ಎನ್‌ಕೋಡಿಂಗ್‌ನಲ್ಲಿ ಉಳಿಸು’ ಎಂದು ಎರಡನ್ನೂ ಬಿಡಿಸಿ ಕೇಳುತ್ತದೆ.

ಯುಟಿಎಫ್-8ರಲ್ಲೇ ‘ಬಾಮ್’ (ಫೈಲಿನ ಮೊದಲಿಗೇ ಕೂರುವ, ಕಣ್ಣಿಗೆ ಕಾಣದ ಗುರುತು) ಇರುವುದು, ಇಲ್ಲದ್ದು ಎಂದು ಎರಡಿವೆ. ಕನ್ನಡ ಹೆಸರುಗಳ ಪಟ್ಟಿಯನ್ನು ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಪಠ್ಯ ಫೈಲ್) ಮಾಡಿ ಎಕ್ಸೆಲ್‌ನಲ್ಲಿ ನೇರವಾಗಿ ತೆರೆಯುವುದಾದರೆ ಬಾಮ್ ಇರುವುದನ್ನೇ ಆರಿಸಿ, ಇಲ್ಲವಾದರೆ ಮೇಲೆ ಹೇಳಿದ ಓರೆ ಗೀಟಿನ ‘ಎ’ ಅಲ್ಲಿಯೂ ಪ್ರತ್ಯಕ್ಷ. ಬೇರೆ ಕಡೆಗೆಲ್ಲ ಬಾಮ್ ಇಲ್ಲದ್ದು ಸಾಕು.

ಇನ್ನು ಕಣ್ಣಿಗೇ ಕಾಣದ ಜೀವಿಗಳು. ‘ರಾಜ್‌ಕುಮಾರ್’ ಎಂದು ಬರೆಯಲು ‘ಜ್’ ಮತ್ತು ‘ಕು’ ನಡುವೆ ಅಗಲವಿಲ್ಲದ ಒಂದು ಅಡ್ಡಗೋಡೆ ಬೇಕು. ಅದು ಇಲ್ಲದಿದ್ದರೆ ‘ರಾಜ್ಕುಮಾರ್’ ಎಂದು ಒತ್ತಕ್ಷರ ಆಗುತ್ತದೆ. ‘ರ‍್ಯಾಂಕ್’ ಬರೆಯುವಾಗ ‘ರ’ದ ಪಕ್ಕ ಅದರ ಸೋದರ, ಸೇರಿಸುವ ಗುರುತು, ಕೂರುತ್ತದೆ. ಒಬ್ಬರು ಇದನ್ನು ಹಾಕಿ, ಇನ್ನೊಬ್ಬರು ಬಿಟ್ಟರೆ ಪದಸೂಚಿಯಲ್ಲಿ ಒಂದೇ ಪದ ಎರಡು ಕಡೆ. ಪದದ ಕೊನೆಯಲ್ಲಿ ಸುಮ್ಮನೆ ಉಳಿದುಬಿಟ್ಟ ಗೋಡೆಗಳಂತೂ ಪ್ರತಿ ಫೈಲಿನಲ್ಲೂ ಇರುತ್ತವೆ. ವಿಎಸ್ ಕೋಡ್ ಕಾಣದ ಅಕ್ಷರಗಳ ಸುತ್ತ ಪೆಟ್ಟಿಗೆ ಎಳೆದು ತೋರಿಸುತ್ತದೆ. ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ನ ಈಚಿನ ಆವೃತ್ತಿಗಳಲ್ಲೂ ವ್ಯೂ ಮೆನುವಿನಲ್ಲಿ ಈ ಸೌಲಭ್ಯ ಬಂದಿದೆ. ಓದುವಾಗ ಪೆಟ್ಟಿಗೆಗಳು ಕಿರಿಕಿರಿ, ಶುದ್ಧಿಯ ದಿನ ಮಾತ್ರ ಹಾಕಿಕೊಳ್ಳುತ್ತೇನೆ.

ವಿಮ್ ಮತ್ತು ಇಮ್ಯಾಕ್ಸ್ ಎಂಬ ಹಳೆಯ ಎಡಿಟರ್‌ಗಳ ಭಕ್ತರು ಮುನಿಸಿಕೊಳ್ಳಬಾರದು. ವಿಮ್ ಅದ್ಭುತ ಸಾಧನ, ಆದರೆ ಅದು ಓಡುವ ಎಷ್ಟೋ ಟರ್ಮಿನಲ್‌ಗಳಲ್ಲಿ (ಆಜ್ಞೆ ಟೈಪ್ ಮಾಡುವ ಕಿಟಕಿಗಳಲ್ಲಿ) ಒತ್ತಕ್ಷರಗಳು ಚೆಲ್ಲಾಪಿಲ್ಲಿ. ‘ಸ್ತ್ರೀ’ ಎಂಬ ಒಂದು ಅಕ್ಷರಕ್ಕೆ ಆರು ತುಣುಕು, 18 ಬೈಟ್. ಕರ್ಸರ್ ಎಲ್ಲಿದೆ ಎಂಬುದೇ ಒಗಟು. ಇಮ್ಯಾಕ್ಸ್ 2020ರ 27ನೇ ಆವೃತ್ತಿಯಿಂದ ಅಕ್ಷರ ಜೋಡಣೆಗೆ ಹಾರ್ಫ್‌ಬಜ್ ಎಂಬ ತಂತ್ರಾಂಶ ಬಳಸುತ್ತದೆ, ಕನ್ನಡ ಚೆನ್ನಾಗಿ ಕಾಣುತ್ತದೆ. ಕಲಿಯುವ ತಾಳ್ಮೆ ಇದ್ದವರಿಗೆ ಅದು. ಲಿನಕ್ಸ್ ಬಳಸುವವರಿಗೆ ನಾನು ಹೇಳುವುದು ಕೇಟ್, ಅದು ವಿಂಡೋಸ್‌ಗೂ ಸಿಗುತ್ತದೆ. ನೋಟ್‌ಪ್ಯಾಡ್ ಪ್ಲಸ್ ಪ್ಲಸ್ ವಿಂಡೋಸ್ ಬಿಟ್ಟು ಕದಲುವುದಿಲ್ಲ. ಅದರಲ್ಲಿ ಕನ್ನಡ ಸೊಟ್ಟಗೆ ಕಂಡರೆ ಪ್ರಿಫರೆನ್ಸಸ್‌ನಲ್ಲಿ ಡೈರೆಕ್ಟ್‌ರೈಟ್ (ಅಕ್ಷರ ಮೂಡಿಸುವ ವಿಂಡೋಸ್‌ನ ವ್ಯವಸ್ಥೆ) ಆನ್ ಮಾಡಿ, ಮುಚ್ಚಿ ಮತ್ತೆ ತೆರೆಯಿರಿ.

ಎಲ್ಲ ತುಲನೆಗಳೂ ಹಾಡಿ ಹೊಗಳುವ ಕಾಲಂ ಸೆಲೆಕ್ಷನ್, ಅಂದರೆ ಹಲವು ಸಾಲುಗಳನ್ನು ಮೇಲಿಂದ ಕೆಳಕ್ಕೆ ಕಂಬದಂತೆ ಆರಿಸುವುದು, ಕನ್ನಡಕ್ಕೆ ಅಷ್ಟಕ್ಕಷ್ಟೆ. ನಮ್ಮ ಅಕ್ಷರಗಳ ಅಗಲ ಒಂದೇ ಸಮ ಇರುವುದಿಲ್ಲ, ನೇರ ಎಳೆದ ಕಂಬ ಒಂದು ಸಾಲಿನಲ್ಲಿ ‘ಣ’ದ ಮೇಲೆ, ಮುಂದಿನ ಸಾಲಿನಲ್ಲಿ ಖಾಲಿ ಜಾಗದ ಮೇಲೆ ನಿಲ್ಲುತ್ತದೆ.

ಪುಕ್ಕಟೆ ಎಂಬ ಮಾತಿನಲ್ಲೂ ಮಜಲುಗಳಿವೆ. ಸಬ್ಲೈಮ್ ಟೆಕ್ಸ್ಟ್ ಎಂಬ ಎಡಿಟರ್ ಪ್ರಯೋಗಕ್ಕೆ ಪುಕ್ಕಟೆ, ಬಳಕೆ ಮುಂದುವರಿಸಲು ಹಣ ಕೊಡಬೇಕು. ವಿಎಸ್ ಕೋಡ್‌ನ ಮೂಲ ಕೋಡ್ ಎಲ್ಲರಿಗೂ ಮುಕ್ತ, ಮೈಕ್ರೋಸಾಫ್ಟ್ ಹಂಚುವ ರೂಪಕ್ಕೆ ಅದರದೇ ಷರತ್ತು. ಬಳಕೆಯ ಮಾಹಿತಿ ಕಂಪನಿಗೆ ಕಳಿಸುವುದು ಬೇಡವೆನ್ನುವವರು ಅದೇ ಮೂಲದಿಂದ ಕಟ್ಟಿದ ವಿಎಸ್‌ಕೋಡಿಯಂ ಹಾಕಿಕೊಳ್ಳಬಹುದು.

ಪ್ರಕಾಶಕರಿಗೆ ಹೊಸ ಎಡಿಟರ್ ಏನನ್ನೂ ಹೇಳಲಿಲ್ಲ. ನೋಟ್‌ಪ್ಯಾಡ್ ಪ್ಲಸ್ ಪ್ಲಸ್ ಅವರ ಕಂಪ್ಯೂಟರಿನಲ್ಲಿ ಮೊದಲೇ ಇತ್ತು. ಸೂತ್ರವನ್ನು ವಾಟ್ಸ್ಆ್ಯಪ್‌ನಲ್ಲಿ ಕಳಿಸಿ, ಹುಡುಕುವ ಕಿಟಕಿಯಲ್ಲಿ ರೆಗ್ಯುಲರ್ ಎಕ್ಸ್‌ಪ್ರೆಷನ್ ಆರಿಸಲು ಹೇಳಿದೆ. ಹತ್ತು ನಿಮಿಷ ಬಿಟ್ಟು ಮತ್ತೆ ಕರೆ ಬಂತು. ‘ಬೆಂಗಳೂರು ಸಿಕ್ಕಿತು ಸಾರ್. ಆದರೆ ಈಗ “ದುಃಖ” ಸಿಗುತ್ತಿಲ್ಲ.’ ಅಲ್ಲಿ ವಿಸರ್ಗದ ಜಾಗದಲ್ಲಿ ಕೋಲನ್ ಹೊಡೆದಿದ್ದರು.